ಹಿಮದ ಘಾಟಿಗೂ ಕಾಡುದಾರಿಗೂ ಒಂದೇ ಟೈರ್ ಸಾಕಾ?

ಪ್ರಶ್ನೆ: ನನ್ನದು ಫೋರ್ ವೀಲ್ ಡ್ರೈವ್ ಪಿಕಪ್ ಟ್ರಕ್. ಟೈರ್ ಸೈಜು 265/70 ಆರ್ 17. ವರ್ಷದಲ್ಲಿ ನಾಲ್ಕು ತಿಂಗಳು ನಮ್ಮಲ್ಲಿ ಹಿಮ ಬೀಳುತ್ತದೆ. ಕೆಲಸಕ್ಕೆ ಹೋಗಿ ಬರಲು ದಿನಾ 40 ಕಿಲೋಮೀಟರ್ ಓಡಿಸುತ್ತೇನೆ, ಮಧ್ಯೆ ಒಂದು ಘಾಟಿ ಇದೆ. ರಜೆ ಬಂತೆಂದರೆ ಕಲ್ಲು, ಕೆಸರಿನ ಕಾಡುದಾರಿಗೆ ಗಾಡಿ ತಗೊಂಡು ಹೋಗೋದು ನನಗೆ ಹುಚ್ಚು. ಹೋದ ಚಳಿಗಾಲ ಘಾಟಿ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಜಾರುತ್ತಾ ಹೋಗಿ ತಡೆಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಫೋರ್ ವೀಲ್ ಹಾಕಿಯೇ ಇದ್ದೆ. ಪಕ್ಕದಲ್ಲಿ ಅಮ್ಮ ಕೂತಿದ್ದರು. ಟೈರ್ ಮೇಲೆ ‘ಎಂ ಪ್ಲಸ್ ಎಸ್’ ಅಂತ ಬರೆದಿದೆ, ಬಟನ್ (ಮೇಲಿನ ರಬ್ಬರ್ ಉಬ್ಬು) ಇನ್ನೂ ಅರ್ಧ ಇದೆ. ಟೈರ್ ಅಂಗಡಿಯವರು 285/70ರ ಮಡ್ ಟೈರ್ ಹಾಕಿಸಿ, ಅಗಲ ಇದ್ದಷ್ಟೂ ಹಿಡಿತ ಜಾಸ್ತಿ ಅನ್ನುತ್ತಾರೆ. ಗೆಳೆಯನೊಬ್ಬ ಚಳಿಗಾಲದಲ್ಲಿ ಗಾಳಿ ಸ್ವಲ್ಪ ಕಮ್ಮಿ ಮಾಡು, ಹೊಸ ಟೈರ್ ಬೇಡ ಅನ್ನುತ್ತಾನೆ. ಒಂದೇ ಸೆಟ್‌ನಲ್ಲಿ ಎರಡೂ ಕೆಲಸ ಆಗುತ್ತಾ, ಇಲ್ಲ ಎರಡು ಸೆಟ್ ಇಟ್ಟುಕೊಳ್ಳಲೇಬೇಕಾ?

ಉತ್ತರ: ಆ ಒಂದು ಗೇಣಿನ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಅದೇ. ಟ್ರಕ್ ಟೈರ್ ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ‘ಎಲ್ಲಿ ಹತ್ತುತ್ತೆ, ಎಲ್ಲಿ ಸಿಕ್ಕಿಹಾಕಿಕೊಳ್ಳಲ್ಲ’ ಅಂತ ಕೇಳುತ್ತಾರೆ. ‘ಎಲ್ಲಿ ನಿಲ್ಲುತ್ತೆ’ ಅಂತ ಕೇಳುವವರು ಕಮ್ಮಿ. ಇಷ್ಟು ವರ್ಷ ಟೈರಿನ ಕೆಲಸ ಮಾಡಿ ನಾನು ಕಲಿತದ್ದು ಇಷ್ಟು. ಕಾಡುದಾರಿಯಲ್ಲಿ ಟೈರ್ ಕೈಕೊಟ್ಟರೆ ಗಾಡಿ ಅಲ್ಲೇ ಹೂತು ನಿಲ್ಲುತ್ತದೆ, ಹಗ್ಗ ಹಾಕಿ ಎಳೆಯಬಹುದು. ಐಸ್ ಕಟ್ಟಿದ ಘಾಟಿಯಲ್ಲಿ ಕೈಕೊಟ್ಟರೆ ಎಳೆಯಲು ಏನೂ ಉಳಿಯದೇ ಹೋಗಬಹುದು. ಆದ್ದರಿಂದ ಟೈರ್ ಆರಿಸುವಾಗ ಮೊದಲು ನೋಡಬೇಕಾದ್ದು ಘಾಟಿ. ಕಾಡು ಆಮೇಲೆ.

ಗಾಡಿ ಯಾಕೆ ನಿಲ್ಲಲಿಲ್ಲ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಗಾಡಿ, ಬ್ರೇಕ್ ಹಿಡಿದ ಕ್ಷಣದಿಂದ ನಿಲ್ಲುವವರೆಗೆ, ಒಣ ಡಾಂಬರಿನಲ್ಲಿ ಸುಮಾರು 14 ಮೀಟರ್ ಹೋಗುತ್ತದೆ. ಗಾಡಿಗಳು ಓಡಾಡಿ ಅದುಮಿದ ಹಿಮದ ಮೇಲೆ ಹತ್ತಿರ ಹತ್ತಿರ 40 ಮೀಟರ್. ನುಣುಪಾದ ಐಸ್ ಮೇಲೆ ನೂರು ಮೀಟರ್ ಸಮೀಪ. ಇದು ಮಟ್ಟಸ ರಸ್ತೆಯ ಲೆಕ್ಕ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ಘಾಟಿಯಾದರೆ ಐಸ್ ಮೇಲಿನ ಆ ನೂರು ಮೀಟರ್ ಇನ್ನೂರಾಗುತ್ತದೆ. ಹತ್ತು ಮೀಟರ್ ಇಳಿಯುವ ಕಡಿದಾದ ಜಾಗದಲ್ಲಿ, ಟೈರಿಗೆ ಇರುವ ಅಷ್ಟಿಷ್ಟು ಹಿಡಿತವನ್ನು ಇಳಿಜಾರೇ ತಿಂದು ಹಾಕುತ್ತದೆ. ಅಲ್ಲಿ ಬ್ರೇಕ್ ಎಷ್ಟೇ ಒತ್ತಿದರೂ ಗಾಡಿ ಸುಮ್ನೆ ಜಾರುತ್ತಲೇ ಇರುತ್ತದೆ. ನಿಮ್ಮ ಗಾಡಿ ನಿಂತಿತಲ್ಲ, ಅಂದರೆ ಅಲ್ಲಿ ಬಹುಶಃ ಪೂರ್ತಿ ಐಸ್ ಇರಲಿಲ್ಲ.

ಈ ಲೆಕ್ಕದಲ್ಲಿ ಫೋರ್ ವೀಲ್ ಎಲ್ಲೂ ಬರಲಿಲ್ಲ, ನೋಡಿ. ಎಂಜಿನ್ ಬಲವನ್ನು ನಾಲ್ಕೂ ಚಕ್ರಕ್ಕೆ ಹಂಚುವುದಷ್ಟೇ ಅದರ ಕೆಲಸ. ಬ್ರೇಕ್ ಎಲ್ಲಾ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹಾಗಾಗಿ ನಿಲ್ಲುವ ವಿಷಯದಲ್ಲಿ ನಿಮ್ಮ ಟ್ರಕ್ಕಿಗೂ ಸಾಧಾರಣ ಕಾರಿಗೂ ವ್ಯತ್ಯಾಸವಿಲ್ಲ. ನಿಮ್ಮ ಟ್ರಕ್ಕಿಗೆ ಇನ್ನೊಂದು ತೊಂದರೆಯೂ ಇದೆ. ಫೋರ್ ವೀಲ್ ಹಾಕಿದ ಗಾಡಿ ಹಿಮದಲ್ಲೂ ಸಲೀಸಾಗಿ ಹೊರಡುತ್ತದೆ, ಏರು ಹತ್ತುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಅನ್ನೋದು ಕಾಲಿಗೆ ಗೊತ್ತೇ ಆಗುವುದಿಲ್ಲ. ಬರೀ ಹಿಂದಿನ ಚಕ್ರ ತಿರುಗುವ ಗಾಡಿ ಹೊರಡುವಾಗಲೇ ಗಿರಗಿರ ತಿರುಗಿ ಎಚ್ಚರಿಸುತ್ತದೆ. ನಿಮ್ಮದು ಮೊದಲ ಸಲ ಎಚ್ಚರಿಸುವುದು ತಿರುವಿನಲ್ಲಿ ಬ್ರೇಕ್ ಹಿಡಿದಾಗ.

ಇನ್ನು ‘ಎಂ ಪ್ಲಸ್ ಎಸ್’. ಮಡ್ ಮತ್ತು ಸ್ನೋ ಅಂತ ಅದರ ಅರ್ಥ. ಓದಿದವರು ಇದು ಹಿಮಕ್ಕೆ ಆಗುವ ಟೈರ್ ಅಂದುಕೊಳ್ಳುತ್ತಾರೆ, ತಪ್ಪೇನಿಲ್ಲ, ಬರೆದಿರುವುದೇ ಹಾಗೆ. ಆದರೆ ಆ ಗುರುತು ಹೇಳುವುದು ಬಟನ್‌ಗಳ ನಡುವೆ ಇಷ್ಟು ಸಂದು ಇದೆ ಅನ್ನುವ ಆಕಾರದ ಮಾತನ್ನು ಮಾತ್ರ. ಅದನ್ನು ಹಾಕಿಕೊಳ್ಳಲು ಹಿಮದ ಮೇಲೆ ಓಡಿಸಿ ತೋರಿಸಬೇಕಾಗಿಲ್ಲ. ನೀವು ಹುಡುಕಬೇಕಾದ ಗುರುತು ಬೇರೆ ಇದೆ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಅಮೆರಿಕ ಮತ್ತು ಕೆನಡಾದ ಟೈರ್ ತಯಾರಕರು 1999ರಲ್ಲಿ ತಂದದ್ದು. ಅದಮಿದ ಹಿಮದ ಮೇಲೆ ಓಡಿಸಿ, ಒಂದು ಮಾದರಿ ಟೈರಿಗಿಂತ ಕನಿಷ್ಠ 10 ಶೇಕಡಾ ಹೆಚ್ಚು ಎಳೆತ ಸಿಕ್ಕರೆ ಮಾತ್ರ ಈ ಗುರುತು ಕೊಡುತ್ತಾರೆ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಚಳಿಗಾಲದ ಟೈರ್ ಅಂತ ಒಪ್ಪಿಕೊಳ್ಳುವುದು ಈ ಗುರುತು ಇರುವುದನ್ನಷ್ಟೇ. ಬರೀ ‘ಎಂ ಪ್ಲಸ್ ಎಸ್’ ಅಲ್ಲಿ ನಡೆಯುವುದಿಲ್ಲ.

ಹಾಗಂತ ಬೆಟ್ಟದ ಗುರುತು ಇದ್ದರೆ ಆಯ್ತು ಅಂತಲೂ ತಿಳಿಯಬೇಡಿ. ಅಮೆರಿಕದ ಆ ಪರೀಕ್ಷೆ ಅಳೆಯುವುದು ಹಿಮದ ಮೇಲೆ ಮುಂದಕ್ಕೆ ಎಳೆಯುವ ಶಕ್ತಿಯನ್ನು. ಐಸ್ ಮೇಲೆ ಬ್ರೇಕ್ ಹಿಡಿದರೆ ಏನಾಗುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಗುರುತು ಇರುವ ಎರಡು ಟೈರ್‌ಗಳಲ್ಲಿ ಒಂದು ಆ 10 ಶೇಕಡಾ ಮಾತ್ರ ದಾಟಿರಬಹುದು, ಇನ್ನೊಂದು ಅದಕ್ಕಿಂತ ಎಷ್ಟೋ ಮುಂದೆ ಇರಬಹುದು. ಗುರುತು ನೋಡಿದರೆ ಎರಡೂ ಒಂದೇ.

ಟೈರ್ ಹಿಮವನ್ನು ಹಿಡಿಯುವುದು ಹೇಗೆ ಅಂತ ಗೊತ್ತಾದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಅದರಲ್ಲಿ ಎರಡು ಸಂಗತಿ ಇವೆ.

ಮೊದಲನೆಯದು ರಬ್ಬರ್. ಎಲ್ಲಾ ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ. ಸಾಧಾರಣ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗಲು ಶುರುವಾಗುತ್ತದೆ. 7 ಅನ್ನೋದು ಗೆರೆ ಎಳೆದ ಹಾಗಲ್ಲ, ಅಂದಾಜು. ಚಳಿಗಾಲದ ಟೈರಿನ ರಬ್ಬರ್ ಸೊನ್ನೆಗಿಂತ ಎಷ್ಟೋ ಕೆಳಗೂ ಮೆತ್ತಗೇ ಇರುವಂತೆ ಮಾಡಿರುತ್ತಾರೆ. ಇದನ್ನು ನೀವೇ ನೋಡಬಹುದು. ಚೆನ್ನಾಗಿ ಚಳಿ ಇರುವ ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು, ನಿಮ್ಮ ಟೈರಿನ ಬಟನ್‌ಗೆ ಹೆಬ್ಬೆರಳಿನ ಉಗುರು ಒತ್ತಿ. ಆಮೇಲೆ ಯಾರದಾದರೂ ಚಳಿಗಾಲದ ಟೈರ್ ಸಿಕ್ಕರೆ ಅದಕ್ಕೂ ಒತ್ತಿ. ಒಂದರಲ್ಲಿ ಉಗುರು ಜಾರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ರಸ್ತೆಯ ಉಬ್ಬುತಗ್ಗಿಗೂ ನಿಮ್ಮ ಟೈರ್ ನಿಮ್ಮ ಉಗುರಿಗೆ ಹೇಗೋ ಹಾಗೆಯೇ.

ಎರಡನೆಯದು ಬಟನ್ ಮೇಲಿನ ಸಣ್ಣ ಸಣ್ಣ ಸೀಳು. ಬ್ಲೇಡಿನಲ್ಲಿ ಗೀರಿದ ಹಾಗೆ ಕಾಣುತ್ತವಲ್ಲ, ಅವನ್ನು ಸೈಪ್ ಅನ್ನುತ್ತೇವೆ. ಚಕ್ರ ತಿರುಗುವಾಗ ಬಟನ್ ಸ್ವಲ್ಪ ಬಾಗುತ್ತದೆ, ಸೀಳು ಬಾಯಿ ಬಿಡುತ್ತದೆ. ಒಂದೊಂದು ಸೀಳಿನ ಅಂಚೂ ಹಿಮವನ್ನು ಕಚ್ಚುತ್ತದೆ. ಒಳಗೆ ಸಿಕ್ಕ ಹಿಮ ಅಲ್ಲೇ ಅದುಮಿ ಕೂರುತ್ತದೆ. ಹಿಮದ ಉಂಡೆ ಕಟ್ಟಿದ್ದರೆ ನಿಮಗೆ ಗೊತ್ತಿರುತ್ತದೆ, ಹಿಮಕ್ಕೆ ಹಿಮ ಅಂಟಿದಷ್ಟು ಚೆನ್ನಾಗಿ ರಬ್ಬರಿಗೆ ಅಂಟುವುದಿಲ್ಲ. ಅದಕ್ಕೇ ಒಳ್ಳೆಯ ಚಳಿಗಾಲದ ಟೈರ್ ತನ್ನ ಮೈತುಂಬ ಹಿಮ ತುಂಬಿಕೊಂಡು ಓಡುತ್ತದೆ. ನಿಲ್ಲಿಸಿ ನೋಡಿದರೆ ಸಂದುಗಳೆಲ್ಲ ಬೆಳ್ಳಗೆ ಕಾಣುತ್ತವೆ. ಜನ ಅದನ್ನು ಕೆರೆದು ತೆಗೆಯಲು ಹೋಗುತ್ತಾರೆ. ಬೇಡ, ಹಿಡಿತ ಕೊಡುತ್ತಿರುವುದೇ ಅದು.

ಈಗ ಮಡ್ ಟೈರ್ ನೋಡಿ. ಅದರ ಕೆಲಸ ನೇರ ಇದಕ್ಕೆ ತಿರುಗಾಮುರುಗಾ. ಕೆಸರು ಒಳಗೆ ಉಳಿದರೆ ಟೈರ್ ನುಣ್ಣಗಾಗಿ ಬಿಡುತ್ತದೆ. ಆದ್ದರಿಂದ ದೊಡ್ಡ ದೊಡ್ಡ ಬಟನ್, ಅಗಲವಾದ ಸಂದು, ಚಕ್ರ ತಿರುಗಿದ ಹಾಗೆ ಎಲ್ಲವನ್ನೂ ಹೊರಗೆ ಎಸೆಯುವ ರಚನೆ. ಹಿಮವನ್ನೂ ಅದು ಹಾಗೆಯೇ ಎಸೆಯುತ್ತದೆ. ಕಲ್ಲಿಗೆ ತಾಗಿ ಕಿತ್ತುಬರಬಾರದು ಅಂತ ರಬ್ಬರನ್ನು ಗಟ್ಟಿ ಇಟ್ಟಿರುತ್ತಾರೆ, ಸೈಪ್ ಬಹಳ ಕಮ್ಮಿ. ಮೊಣಕಾಲುದ್ದ ಸಡಿಲ ಹಿಮದಲ್ಲಿ ಅಗೆದುಕೊಂಡು ಮುಂದೆ ಹೋಗುವುದೇನೋ ನಿಜ. ಅದನ್ನು ನೋಡಿದವರೇ ‘ಮಡ್ ಟೈರ್ ಹಿಮಕ್ಕೂ ಬೆಸ್ಟ್’ ಅನ್ನುವುದು. ಆದರೆ ನಿಮ್ಮ ಘಾಟಿಯಲ್ಲಿ ಇರುವುದು ಆ ಹಿಮ ಅಲ್ಲ. ನೂರಾರು ಗಾಡಿ ಅದುಮಿ, ಹಗಲು ಕರಗಿ, ರಾತ್ರಿ ಗಡ್ಡೆ ಕಟ್ಟಿದ ಹಿಮ.

ಒಮ್ಮೆ ಖಾಲಿ ಮೈದಾನದಲ್ಲಿ ಒಂದೇ ಮಾಡೆಲ್ಲಿನ ಎರಡು ಟ್ರಕ್ ನಿಲ್ಲಿಸಿ ಓಡಿಸಿ ನೋಡಿದ್ದೆವು. ಒಂದಕ್ಕೆ ಹೊಸ ಮಡ್ ಟೈರ್, ಇನ್ನೊಂದಕ್ಕೆ ಎರಡು ಚಳಿಗಾಲ ಓಡಿದ ಹಿಮದ ಟೈರ್. ಹೊರಡುವಾಗ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. 30ರ ವೇಗದಲ್ಲಿ ಒಂದೇ ಗೆರೆಯಲ್ಲಿ ಬ್ರೇಕ್ ಹಿಡಿದೆವು. ಮಡ್ ಟೈರಿನ ಗಾಡಿ ಇನ್ನೊಂದನ್ನು ದಾಟಿ, ಎರಡು ಗಾಡಿಯ ಉದ್ದದಷ್ಟು ಮುಂದೆ ಹೋಗಿ ನಿಂತಿತು. ಓಡಿಸಿದ ಹುಡುಗ ಇಳಿದು ಬಂದು ಮಾತಾಡದೆ ಆ ಜಾಗವನ್ನೇ ನೋಡುತ್ತಾ ನಿಂತ. ಅವನ ಸ್ವಂತ ಗಾಡಿಗೂ ಅದೇ ಟೈರ್ ಇತ್ತು.

‘ಅರ್ಧ ಬಟನ್ ಇದೆ’ ಅಂದಿರಿ. ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ಹೊರಗಿನಿಂದ ಕಾಣುವುದಿಲ್ಲ. ಆಲ್ ಟೆರೇನ್, ಅಂದರೆ ರಸ್ತೆಗೂ ಕಾಡುದಾರಿಗೂ ಆಗುವ ಟೈರ್‌ಗಳಲ್ಲಿ ಎಷ್ಟೋ ಸಲ ಸೈಪ್ ಬಟನ್‌ನ ಬುಡದವರೆಗೆ ಇರುವುದಿಲ್ಲ. ಬುಡದವರೆಗೆ ಸೀಳಿದರೆ ಕಲ್ಲಿನ ಮೇಲೆ ಬಟನ್ ಕಿತ್ತುಬರುತ್ತದೆ ಅಂತ ತಯಾರಕರು ಅರ್ಧದಲ್ಲೇ ನಿಲ್ಲಿಸಿರುತ್ತಾರೆ. ಎಸೆಯಲು ಬಂದ ಒಂದು ಟೈರಿನ ಬಟನ್ ಕತ್ತರಿಸಿ ನೋಡಿದ್ದೆ. 6 ಮಿಲಿಮೀಟರ್ ಬಟನ್ ಉಳಿದಿತ್ತು, ದೂರದಿಂದ ನೋಡಿದರೆ ಗಟ್ಟಿಮುಟ್ಟು. ಮೇಲೆ ಸೈಪಿನ ಗುರುತು ಪೆನ್ಸಿಲ್ ಗೆರೆಯಷ್ಟು. ಅದರೊಳಗೆ ಕಾಗದದ ತುದಿ ಕೂಡ ಇಳಿಯಲಿಲ್ಲ. ಕೆಸರಿಗೆ, ಒಣ ರಸ್ತೆಗೆ ಆ ಟೈರ್ ಇನ್ನೂ ಒಂದು ವರ್ಷ ಓಡುತ್ತಿತ್ತು. ಹಿಮಕ್ಕೆ ಯಾವತ್ತೋ ಮುಗಿದಿತ್ತು. ನಿಮ್ಮ ಟೈರ್‌ದೂ ಇದೇ ಕತೆ ಅಂತ ನನ್ನ ಅನುಮಾನ. ಒಂದು ದಪ್ಪ ಕಾಗದದ ತುಂಡು ತಗೊಂಡು ಸೈಪಿನೊಳಗೆ ಇಳಿಸಿ ನೋಡಿ. ಇಳಿಯದಿದ್ದರೆ ಉತ್ತರ ಸಿಕ್ಕಿತು.

ಕಾನೂನಿನ ಪ್ರಕಾರ 1.6 ಮಿಲಿಮೀಟರ್‌ವರೆಗೂ ಟೈರ್ ಓಡಿಸಲು ಬಹಳ ದೇಶಗಳಲ್ಲಿ ಅವಕಾಶ ಇದೆ. ಹಿಮಕ್ಕೆ ಅದು ಏನೇನೂ ಸಾಲದು. ಆಸ್ಟ್ರಿಯಾದಲ್ಲಿ 4 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ಅದನ್ನು ಚಳಿಗಾಲದ ಟೈರ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಭಾರದ ಟ್ರಕ್ಕಿಗೆ ನಾನು 5ಕ್ಕೇ ಬದಲಿಸಿ ಅನ್ನುತ್ತೇನೆ.

ಅಗಲದ ಮಾತಿಗೆ ಬರೋಣ. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಬೇರೆ ಜಾಗದ ಸತ್ಯ. ಐಸ್‌ಲ್ಯಾಂಡಿನಲ್ಲಿ ಹಿಮನದಿಗಳ ಮೇಲೆ ಗಾಡಿ ಓಡಿಸುವವರು 38, 44 ಇಂಚಿನ ಭಾರೀ ಟೈರ್ ಹಾಕಿ, ಗಾಳಿಯನ್ನು 5 ಪಿಎಸ್‌ಐಗಿಂತಲೂ ಕೆಳಗೆ ಇಳಿಸಿ ಹಿಮದ ಮೇಲೆ ತೇಲಿದ ಹಾಗೆ ಹೋಗುತ್ತಾರೆ. ಅಲ್ಲಿ ಹಿಮದ ಕೆಳಗೆ ರಸ್ತೆಯೇ ಇಲ್ಲ, ಮುಳುಗದೇ ಇರುವುದೊಂದೇ ದಾರಿ. ನಿಮಗೆ ಕೆಳಗೆ ರಸ್ತೆ ಇದೆ. ಐದಾರು ಇಂಚಿನ ಹಿಮ, ಅದರ ಅಡಿಯಲ್ಲಿ ಡಾಂಬರು. ನಿಮ್ಮ ಟೈರ್ ತೇಲಬಾರದು, ಕೊರೆದುಕೊಂಡು ಕೆಳಗೆ ಮುಟ್ಟಬೇಕು. ಕಿರಿದಾದ ಟೈರಿನಲ್ಲಿ ಅದೇ ತೂಕ ಕಿರಿದಾದ ಪಟ್ಟಿಯ ಮೇಲೆ ಬೀಳುತ್ತದೆ. ಅರ್ಧ ಕರಗಿದ ನೀರುನೀರು ಹಿಮದಲ್ಲಂತೂ ಅಗಲ ಟೈರ್ ಮಳೆನೀರಿನ ಮೇಲೆ ಜಾರಿದ ಹಾಗೆಯೇ ಜಾರುತ್ತದೆ.

285/70 ಹಾಕಿದರೆ ಏನಾಗುತ್ತದೆ ಅಂತ ಅಳತೆಯಲ್ಲೇ ನೋಡಿ. ಮೊದಲ ಅಂಕಿ ಮಿಲಿಮೀಟರ್‌ನಲ್ಲಿ ಅಗಲ, ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನೋದು, ಕೊನೆಯ 17 ರಿಮ್ಮಿನ ಇಂಚು. ನಿಮ್ಮ ಈಗಿನ ಟೈರಿನ ಎತ್ತರ ಸುಮಾರು 803 ಮಿಲಿಮೀಟರ್. ಅದು 831. ವ್ಯತ್ಯಾಸ 28, ಅದರಲ್ಲಿ ಅರ್ಧ, ಅಂದರೆ 14 ಮಿಲಿಮೀಟರ್ ಮಾತ್ರ ಗಾಡಿ ನೆಲದಿಂದ ಮೇಲೇಳುತ್ತದೆ. ಅಷ್ಟಕ್ಕೆ ನೀವು ಕೊಡುವುದು ಜಾಸ್ತಿ. ಮೀಟರ್ 100 ತೋರಿಸುವಾಗ ಗಾಡಿ 103ರ ಮೇಲೆ ಓಡುತ್ತಿರುತ್ತದೆ. ಚಕ್ರ ಭಾರವಾಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ, ಡೀಸೆಲ್ಲೋ ಪೆಟ್ರೋಲೋ ಹೆಚ್ಚು ಕುಡಿಯುತ್ತದೆ. ಚಕ್ರದ ಗೂಡಿನಲ್ಲಿ ಹಿಮ ಗಡ್ಡೆ ಕಟ್ಟಿದಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಉಜ್ಜುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಮದಲ್ಲಿ ಟೈರಿಗೆ ಸುತ್ತುವ ಚೈನ್ ಹಾಕಲು ಜಾಗ ಉಳಿಯದೇ ಹೋಗಬಹುದು. ಚಳಿಗಾಲಕ್ಕೆ ನಿಮ್ಮ ಮೂಲ ಸೈಜೇ ಇರಲಿ. ಗಾಡಿಯ ಕೈಪಿಡಿ ಒಪ್ಪಿದರೆ ಒಂದು ಸೈಜು ಕಿರಿದು ಇನ್ನೂ ಒಳ್ಳೆಯದು. ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರಬೇಕು, ಭಾರ ಹೊರುವ ಅಂಕಿ ಮೂಲಕ್ಕಿಂತ ಕಮ್ಮಿ ಆಗಬಾರದು, ಇವೆರಡನ್ನು ಬಿಡಬೇಡಿ.

ನಿಮ್ಮ ಗೆಳೆಯರ ಗಾಳಿ ಸಲಹೆ ನನಗೆ ಚಿಂತೆ ತರುವಂಥದ್ದು. ಚಳಿಗಾಲದಲ್ಲಿ ಗಾಳಿ ನೀವು ಬಿಡದೆಯೇ ಕಮ್ಮಿಯಾಗುತ್ತದೆ. 20 ಡಿಗ್ರಿಯಲ್ಲಿ 35 ಪಿಎಸ್‌ಐ ತುಂಬಿಸಿದ ಟೈರ್, ಮೈನಸ್ 20ಕ್ಕೆ ಇಳಿದಾಗ 28ರ ಸುತ್ತ ಬಂದಿರುತ್ತದೆ. ಒಂದು ತೂತೂ ಇಲ್ಲದೆ. ಅದರ ಮೇಲೆ ಇನ್ನೂ ಐದು ಬಿಟ್ಟರೆ 23. ಆ ಗಾಳಿಯಲ್ಲಿ ರಸ್ತೆ ವೇಗದಲ್ಲಿ ಓಡಿಸಿದರೆ ಟೈರಿನ ಪಕ್ಕೆ ಬಾಗಿ ಬಾಗಿ ಬಿಸಿಯಾಗುತ್ತದೆ, ಎರಡೂ ಅಂಚು ಸವೆಯುತ್ತವೆ, ಸ್ಟೇರಿಂಗ್ ಮಾತು ಕೇಳಲು ಒಂದು ಕ್ಷಣ ತಡಮಾಡುತ್ತದೆ. ತಿರುವಿನಲ್ಲಿ ಆ ಒಂದು ಕ್ಷಣ ಬೇಕು, ಅಲ್ವಾ? ಚಳಿಗಾಲದಲ್ಲಿ ವಾರ ಎರಡು ವಾರಕ್ಕೊಮ್ಮೆ, ಗಾಡಿ ಓಡಿಸುವ ಮೊದಲು, ತಣ್ಣಗಿರುವಾಗಲೇ ಗಾಳಿ ನೋಡಿ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟು ತುಂಬಿಸಿ.

ಕಾಡುದಾರಿಯಲ್ಲಿ ಮಾತ್ರ ಗಾಳಿ ಇಳಿಸುವುದು ಬೇಕೇ ಬೇಕು. ಅಲ್ಲಿ 20-25 ಪಿಎಸ್‌ಐಗೆ ಇಳಿಸಿದರೆ ಟೈರ್ ಉದ್ದಕ್ಕೆ ಹರಡಿಕೊಂಡು ಕಲ್ಲನ್ನು ಅಪ್ಪಿಕೊಳ್ಳುತ್ತದೆ. ಚೂಪಾದ ಕಲ್ಲಿಗೂ ಸ್ವಲ್ಪ ಬಗ್ಗಿ ಉಳಿದುಕೊಳ್ಳುತ್ತದೆ. ವೇಗ 30 ದಾಟಬಾರದು. 15ಕ್ಕಿಂತ ಕೆಳಗೆ ಹೋದರೆ ತಿರುಗಿಸುವಾಗ ಟೈರ್ ರಿಮ್‌ನಿಂದ ಕಳಚಿಕೊಳ್ಳುವ ಅಪಾಯ ಹೆಚ್ಚು. ಡಾಂಬರು ಮುಟ್ಟುವ ಮೊದಲು ಮತ್ತೆ ತುಂಬಿಸಲು ಒಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಬೇಕು. ಅದಿಲ್ಲದಿದ್ದರೆ ಗಾಳಿ ಇಳಿಸಲೇಬೇಡಿ.

ಹಾಗಾದರೆ ಏನು ಮಾಡಬೇಕು? ನಾಲ್ಕು ತಿಂಗಳ ಹಿಮ, ದಿನಾ ಘಾಟಿ. ನಿಮಗೆ ನಾನು ಹೇಳುವುದು ಎರಡು ಸೆಟ್. ಇದನ್ನು ಹೇಳಲು ನನಗೆ ಹಿಂಜರಿಕೆ ಇಲ್ಲ. ಒಂದು ಸೆಟ್ ನಿಜವಾದ ಚಳಿಗಾಲದ ಟೈರ್, ಬೇರೆ ರಿಮ್ ಮೇಲೆ, ನಾಲ್ಕಕ್ಕೆ ನಾಲ್ಕೂ. ಇನ್ನೊಂದು ಸೆಟ್ ಉಳಿದ ಎಂಟು ತಿಂಗಳಿಗೆ, ಕಾಡಿಗೂ ರಸ್ತೆಗೂ ಆಗುವ ಆಲ್ ಟೆರೇನ್. ಎರಡು ಸೆಟ್ ಅಂದರೆ ಖರ್ಚು ಎರಡರಷ್ಟು ಅಂತ ಅನ್ನಿಸುತ್ತದೆ. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯದೆ ಮಲಗಿರುತ್ತದೆ, ಆದ್ದರಿಂದ ಎರಡೂ ಹೆಚ್ಚು ವರ್ಷ ಬರುತ್ತವೆ. ನಿಜವಾಗಿ ಹೆಚ್ಚಾಗುವುದು ರಿಮ್ಮಿನ ಖರ್ಚು ಮತ್ತು ಇಡುವ ಜಾಗ.

ಇದರಲ್ಲೂ ತೊಂದರೆ ಇಲ್ಲವೆಂದಲ್ಲ. ಚಳಿಗಾಲದ ಟೈರಿನ ಪಕ್ಕೆ ಸಾಮಾನ್ಯವಾಗಿ ತೆಳು. ಹಲವು ವರ್ಷದ ಹಿಂದೆ ಅದೇ ಟೈರಲ್ಲಿ ನಾನೇ ಒಂದು ಕಲ್ಲಿನ ದಾರಿಗೆ ಹೋಗಿದ್ದೆ, ಹಿಮ ಕಮ್ಮಿ ಇದೆ, ಏನಾಗುತ್ತೆ ಅಂತ. ಹಿಮದಡಿಯಲ್ಲಿದ್ದ ಒಂದು ಕಲ್ಲು ಪಕ್ಕೆಯನ್ನು ನಾಲ್ಕು ಬೆರಳು ಉದ್ದ ಸೀಳಿತು. ಬಟನ್ ಭಾಗದಲ್ಲಿ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಬಹುದು. ಪಕ್ಕೆ ಸೀಳಿದರೆ ಆ ಟೈರ್ ಮುಗಿಯಿತು, ಯಾರು ಏನೇ ಅಂಟಿಸಿ ಕೊಟ್ಟರೂ ಅದರಲ್ಲಿ ಓಡಿಸಬಾರದು. ಚಳಿಗಾಲದಲ್ಲಿ ಕಲ್ಲುದಾರಿಗೆ ಹೋಗದಿರುವುದು ಈ ಆಯ್ಕೆಯ ಬೆಲೆ. ಬೇಸಿಗೆ ಬಂದ ಮೇಲೂ ಅದನ್ನೇ ಓಡಿಸಬೇಡಿ. ಬಿಸಿ ಡಾಂಬರಿನಲ್ಲಿ ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ, ಬ್ರೇಕಿನ ದೂರವೂ ಹೆಚ್ಚಾಗುತ್ತದೆ.

ಎರಡು ಸೆಟ್ ಸಾಧ್ಯವೇ ಇಲ್ಲ ಅನ್ನುವ ಪರಿಸ್ಥಿತಿ ಇದ್ದರೆ, ಬೆಟ್ಟದ ಗುರುತು ಇರುವ ಆಲ್ ಟೆರೇನ್ ಒಂದೇ ಸೆಟ್ ಹಾಕಿಸಿ. ಕೆಟ್ಟ ಆಯ್ಕೆ ಅಲ್ಲ. ಹಿಮದಲ್ಲಿ ಅದು ಒಳ್ಳೆಯ ಕೆಲಸ ಮಾಡುತ್ತದೆ, ಐಸ್ ಮೇಲೆ ಚಳಿಗಾಲದ ಟೈರಿಗೆ ಸಮ ಬರುವುದಿಲ್ಲ. ಕೊಳ್ಳುವಾಗ ಸೈಪ್ ಎಷ್ಟು ಆಳ ಇದೆ ಅಂತ ಅಂಗಡಿಯಲ್ಲೇ ಕಾಗದ ಇಳಿಸಿ ನೋಡಿ. 6 ಮಿಲಿಮೀಟರ್‌ಗೆ ಬಂದ ಟೈರನ್ನು ಮುಂದಿನ ಚಳಿಗಾಲಕ್ಕೆ ಒಯ್ಯಬೇಡಿ. ಚೈನ್ ಗಾಡಿಯಲ್ಲೇ ಇರಲಿ, ಯಾವ ಚಕ್ರಕ್ಕೆ ಹಾಕಬೇಕು ಅಂತ ಕೈಪಿಡಿಯಲ್ಲಿ ನೋಡಿ, ಒಣ ಅಂಗಳದಲ್ಲಿ ಒಮ್ಮೆ ಹಾಕಿ ಅಭ್ಯಾಸ ಮಾಡಿ. ಹಿಮ ಸುರಿಯುವಾಗ, ಬೆರಳು ಮರಗಟ್ಟಿರುವಾಗ, ಕತ್ತಲಲ್ಲಿ ಮೊದಲ ಸಲ ಹಾಕಲು ಹೋಗಬೇಡಿ. ಮತ್ತೆ, ಐಸ್ ಬಿದ್ದ ದಿನ ಅಮ್ಮನನ್ನು ಕರೆದುಕೊಂಡು ಘಾಟಿ ಇಳಿಯಬೇಡಿ, ಬೇರೆ ದಿನ ಹೋಗಿ.

ಮೊಳೆ ಟೈರ್, ಅಂದರೆ ಐಸ್ ಕಚ್ಚಲು ಬಟನ್‌ಗಳಲ್ಲಿ ಲೋಹದ ಮೊಳೆ ಕೂರಿಸಿದ ಟೈರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೊನ್ನೆ ಡಿಗ್ರಿಯ ಹತ್ತಿರ ಇರುವ ಐಸ್ ತುಂಬಾ ಅಪಾಯದ್ದು. ಮೈನಸ್ 20ರ ಐಸ್‌ಗಿಂತ ಜಾಸ್ತಿ ಜಾರುತ್ತದೆ, ಯಾಕೆಂದರೆ ಮೇಲೆ ನೀರಿನ ತೆಳು ಪದರ ಇರುತ್ತದೆ. ಅಲ್ಲಿ ಮೊಳೆಗೆ ಸಮನಾದದ್ದು ಇಲ್ಲ. ಹಿಮ ಇಲ್ಲದ ರಸ್ತೆಯಲ್ಲಿ ಮಾತ್ರ ಅದು ರಸ್ತೆಯನ್ನೇ ಕೆರೆಯುತ್ತದೆ. ಜಪಾನಿನಲ್ಲಿ ಹಾಗೆದ್ದ ಧೂಳಿನ ಕಾಟ ತಡೆಯಲಾರದೆ 1990ರಲ್ಲಿ ಮೊಳೆ ಟೈರಿಗೆ ತಡೆ ಹಾಕಲು ಕಾನೂನೇ ತಂದರು. ಇವತ್ತಿನ ಮೊಳೆಯಿಲ್ಲದ ಚಳಿಗಾಲದ ಟೈರ್ ಇಷ್ಟು ಚೆನ್ನಾಗಿ ಬೆಳೆದದ್ದಕ್ಕೆ ಅದೂ ಒಂದು ಕಾರಣ. ನಿಮ್ಮ ಕಡೆ ಮೊಳೆಗೆ ಅನುಮತಿ ಇದೆಯಾ, ಯಾವ ತಿಂಗಳಿಂದ ಯಾವ ತಿಂಗಳಿಗೆ ಅಂತ ಮೊದಲು ವಿಚಾರಿಸಿ. ಓಡಿಸಿದ ಟೈರಿಗೆ ಆಮೇಲೆ ಮೊಳೆ ಹೊಡೆಸುವುದು ಬೇಡ. ಅದಕ್ಕೆಂದೇ ರಂಧ್ರ ಬಿಟ್ಟು ಮಾಡಿದ ಹೊಸ ಟೈರಿಗೆ ಮಾತ್ರ.

ಅಂದ ಹಾಗೆ, ಜಗತ್ತಿನ ಮೊದಲ ಚಳಿಗಾಲದ ಟೈರ್ ಬಂದದ್ದು 1934ರಲ್ಲಿ, ಫಿನ್ಲೆಂಡಿನಲ್ಲಿ, ಇವತ್ತಿನ ನೋಕಿಯನ್ ಕಂಪನಿಯ ಹಳೆಯ ಕಾರ್ಖಾನೆಯಿಂದ. ಅದನ್ನು ಮಾಡಿದ್ದು ಟ್ರಕ್‌ಗಳಿಗೆ. ಕಾರಿಗೆ ಅಂತ ಬಂದದ್ದು ಎರಡು ವರ್ಷ ಕಳೆದ ಮೇಲೆ. ಟ್ರಕ್ಕಿಗೆ ಹಿಮದ ಟೈರ್ ಯಾಕೆ ಅಂತ ಯಾರಾದರೂ ಕೇಳಿದಾಗ ನನಗೆ ಇದು ನೆನಪಾಗುತ್ತದೆ.

ಎರಡನೇ ಸೆಟ್, ಅಂದರೆ ಆಲ್ ಟೆರೇನ್ ಕೊಳ್ಳುವಾಗ ‘ಎಲ್‌ಟಿ’ (ಲೈಟ್ ಟ್ರಕ್) ಅನ್ನುವ ಅಕ್ಷರದ ಬಗ್ಗೆ ಗಮನ ಕೊಡಿ. ಎಲ್‌ಟಿ ಟೈರಿನ ಪಕ್ಕೆ ದಪ್ಪ, ಕಲ್ಲಿಗೆ ಅದೇ ಒಳ್ಳೆಯದು. ಅದರಲ್ಲಿ ಭಾರ ಹೊರುವ ದರ್ಜೆಗಳು, ಲೋಡ್ ರೇಂಜ್ ಸಿ, ಡಿ, ಇ ಅಂತ ಬರುತ್ತವೆ. ಸಿಗೆ ಗರಿಷ್ಠ ಗಾಳಿ 50 ಪಿಎಸ್‌ಐ, ಡಿಗೆ 65, ಇಗೆ 80. ನೀವು ಖಾಲಿ ಗಾಡಿಯಲ್ಲಿ ಓಡಾಡುವವರು, ಟ್ರೇಲರ್ ಎಳೆಯುವುದಿಲ್ಲ ಅಂತಾದರೆ ಇ ಬೇಡ. ಖಾಲಿ ಟ್ರಕ್ಕಿನ ಹಿಂಭಾಗ ಅದರ ಮೇಲೆ ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ನಿಮ್ಮ ಸೈಜಿನಲ್ಲಿ ಸಿ ಸಿಕ್ಕರೆ ಸಾಕು. ಒಂದು ವಿಷಯ ಬಹಳ ಅಂಗಡಿಗಳಲ್ಲಿ ತಪ್ಪುತ್ತದೆ. ಕಾರಿನ ಜಾತಿಯ ಟೈರಿನಿಂದ ಎಲ್‌ಟಿಗೆ ಬದಲಿಸಿದಾಗ ಅಷ್ಟೇ ಭಾರ ಹೊರಲು ಗಾಳಿ ಹೆಚ್ಚು ಬೇಕು. ಹಳೆಯ 35ನ್ನೇ ತುಂಬಿಸಿ ಕಳಿಸುತ್ತಾರೆ. ಎಷ್ಟು ಬೇಕು ಅಂತ ತಯಾರಕರ ಭಾರದ ಪಟ್ಟಿ ತೋರಿಸಲು ಹೇಳಿ, ನೋಡಿಯೇ ತುಂಬಿಸಿಕೊಳ್ಳಿ.

ಹಿಂದೆರಡಕ್ಕೆ ಮಾತ್ರ ಹಿಮದ ಟೈರ್ ಹಾಕಿಸುವುದು ಕೂಡ ಬೇಡ. ಸ್ಟೇರಿಂಗ್ ತಿರುಗಿಸಿದರೂ ಮುಂದಿನ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ, ಗಾಡಿ ನೇರ ಹೋಗುತ್ತದೆ. ಮುಂದೆರಡಕ್ಕೆ ಮಾತ್ರ ಹಾಕಿದರೆ ಹಿಂಭಾಗ ಸುತ್ತಿ ಮುಂದೆ ಬರುತ್ತದೆ. ಫೋರ್ ವೀಲ್ ಗಾಡಿಯಲ್ಲಿ ಟೈರಿನ ಸುತ್ತಳತೆ ಬೇರೆ ಬೇರೆ ಇದ್ದರೆ ಒಳಗಿನ ಗೇರ್‌ಗಳೂ ಹಾಳಾಗುತ್ತವೆ. ಸ್ಟೆಪ್ನಿಗೂ ಇದೇ ಮಾತು, ಅದೂ ಅದೇ ಎತ್ತರದ್ದು ಇರಲಿ.

ಹೊಸ ಟೈರ್ ಅಂತ ಕೊಟ್ಟದ್ದು ಹೊಸದೇ ಅಂತ ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ ನೋಡಿ ತಿಳಿಯಿರಿ. 3523 ಅಂದರೆ 2023ರ 35ನೇ ವಾರ ಮಾಡಿದ್ದು. ಆರು ವರ್ಷ ದಾಟಿದ ಚಳಿಗಾಲದ ಟೈರಿನಲ್ಲಿ ಬಟನ್ ಎಷ್ಟೇ ಇರಲಿ, ರಬ್ಬರ್ ಮೊದಲಿನ ಮೆತ್ತಗೆ ಇರುವುದಿಲ್ಲ.

ಹಾಕಿಸಿದ ಮೇಲೆ ಸುಮಾರು ನೂರು ಕಿಲೋಮೀಟರ್ ಓಡಿಸಿ ಚಕ್ರದ ನಟ್‌ಗಳನ್ನು ಒಮ್ಮೆ ಬಿಗಿ ನೋಡಿ. ಮೊದಲ ಹಿಮ ಬಿದ್ದ ದಿನ, ಘಾಟಿಗೆ ಹೋಗುವ ಮೊದಲು, ಒಬ್ಬರೇ ಒಂದು ಖಾಲಿ ಬಯಲಿಗೆ ಗಾಡಿ ತಗೊಂಡು ಹೋಗಿ. 20ರಲ್ಲಿ ಒಮ್ಮೆ, 30ರಲ್ಲಿ ಒಮ್ಮೆ, 40ರಲ್ಲಿ ಒಮ್ಮೆ ಬ್ರೇಕ್ ಪೂರ್ತಿ ಒತ್ತಿ ಹಿಡಿಯಿರಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಾಲಿನಡಿಯಲ್ಲಿ ಟಕಟಕ ಅಂತ ಬಡಿಯುತ್ತದೆ, ಹೆದರಿ ಬಿಡಬೇಡಿ. ಪ್ರತಿ ಸಲ ನಿಂತ ಮೇಲೆ ಇಳಿದು, ಬ್ರೇಕ್ ಹಿಡಿದ ಗುರುತಿನಿಂದ ಗಾಡಿವರೆಗೆ ಹೆಜ್ಜೆ ಎಣಿಸಿ. ಆ ಹೆಜ್ಜೆಗಳ ಲೆಕ್ಕ ನೆನಪಿಟ್ಟುಕೊಂಡು, ಕೆಳಗಿನ ಗೇರಿನಲ್ಲಿ, ಘಾಟಿ ಇಳಿಯಿರಿ.